ಖಂಡೇನವಮಿಯ ದಿನ ಎತ್ತಿ ನಿಲ್ಲಿಸಿದ ಗಾಡಿ

ಕಾಲು ಮುರಿದುಕೊಂಡು ಮಲಗಿದವನಿಗೆ ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಸುಳ್ಳು. ಹೊತ್ತು ಹೋಗುತ್ತದೆ, ಮನಸ್ಸು ಮಾತ್ರ ಬಿದ್ದ ಜಾಗ ಬಿಟ್ಟು ಕದಲುವುದಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನ ಹಿತ್ತಲಲ್ಲಿ ಮೋಟಾರು ಗಾಡಿಯ ಕೆಳಗೆ ಸಿಕ್ಕು ತೊಡೆಯ ಎಲುಬು ಮುರಿದುಕೊಂಡವನು ನಾನು. ಈಗ ಕೋಲು ಹಿಡಿದು ಸ್ವಲ್ಪ ವಾಲಿ ನಡೆಯುತ್ತೇನೆ. ದಾದರ್ ಸ್ಟೇಶನ್ನಿನ ಸೇತುವೆ ಹತ್ತಿ ಇಳಿಯುತ್ತೇನೆ. ಇವತ್ತು ಹಾಗೆ ಮಲಗಿರುವ ಯಾರಾದರೂ ಇದನ್ನು ಓದಿ, ಇವನಿಗೂ ಹೀಗೇ ಅನಿಸಿತ್ತಲ್ಲ ಎಂದುಕೊಂಡರೆ ಬರೆದದ್ದು ಸಾರ್ಥಕ. ಎಲುಬಿನ ವಿಚಾರ ಡಾಕ್ಟರು ಹೇಳುತ್ತಾರೆ. ಎಲುಬು ಕೂಡುವಷ್ಟು ಕಾಲ ಮನೆಯವರಿಗೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನನ್ನ ಎಲುಬು ಕೂಡಿತು. ಅದು ಕೂಡಲಿ ಎಂದು ಕಾದದ್ದಕ್ಕಿಂತ ಹೆಚ್ಚಾಗಿ ನಾನು ಕಾದದ್ದು, ನನ್ನ ಅಕ್ಕ ಮತ್ತೊಮ್ಮೆ ನನಗೆ ‘ಬ್ಯಾಡ’ ಅನ್ನಲಿ ಎಂದು.

ಅಕ್ಕ ಅಂದರೆ ಗಂಗಕ್ಕ. ನಮ್ಮವ್ವ ತೀರಿಕೊಂಡಾಗ ನನಗೆ ಅವ್ವನ ಮುಖ ನೆನಪಿಡುವ ವಯಸ್ಸೂ ಇರಲಿಲ್ಲ. ಅಕ್ಕನಿಗೆ ಮದುವೆಯಾಗಿ, ಗಂಡ ಹೋಗಿ, ಅವಳು ಧಾರವಾಡದ ತವರಿಗೆ ಮರಳಿ ಬಂದಿದ್ದಳು. ಬಂದವಳು ನನ್ನನ್ನು ಬೆಳೆಸಿದಳು. ನಾನು ಮುಂಬಯಿಗೆ ಬಂದು ಒಂದು ಖೋಲಿ ಹಿಡಿದ ಮೇಲೆ ಅವಳೂ ಬಂದಳು, ಬಂದ ಗಳಿಗೆಯಿಂದ ಇಲ್ಲಿಯ ಯಜಮಾನಿಕೆ ಅವಳದೇ ಆಯಿತು. ಇಡೀ ಮುಂಬಯಿಯ ಜೊತೆ ನಾನು ಚೌಕಾಸಿ ಮಾಡಿದ್ದೇನೆ. ದಾದರಿನ ಗ್ಯಾರೇಜೊಂದರಲ್ಲಿ ಗಾಡಿ ತೊಳೆಯುವವನಾಗಿ ಸೇರಿ, ಹಳೇ ಗಾಡಿ ಕೊಂಡು ರಿಪೇರಿ ಮಾಡಿ ಮಾರುವವನಾದದ್ದು ಬಾಯಿಯ ಬಲದಿಂದಲೇ. ಬಿಲ್ಡಿಂಗಿನ ಮಾಲಕನನ್ನು ಮಾತಲ್ಲೇ ಮಣಿಸಿ ಹಿತ್ತಲಿನ ಜಾಗ ಗಿಟ್ಟಿಸಿದ್ದೆ. ಅಕ್ಕನ ‘ಬ್ಯಾಡ’ದ ಮುಂದೆ ಮಾತ್ರ ನನ್ನ ಬಾಯಿ ನಡೆಯುತ್ತಿರಲಿಲ್ಲ. ಓಡುವ ಲೋಕಲ್ ಹತ್ತಬ್ಯಾಡ, ಸಾಲದ ಮೇಲೆ ಗಾಡಿ ಕೊಡಬ್ಯಾಡ, ಹಸಿದ ಹೊಟ್ಟೆಯಲ್ಲಿ ಚಹಾ ಕುಡೀಬ್ಯಾಡ. ಕಾರಣ ಕೇಳಿದರೆ, “ಬ್ಯಾಡಂದ್ರ ಬ್ಯಾಡ.” ನನ್ನ ಹೆಂಡತಿ ಸುಮಿತ್ರಾ ನಗುತ್ತಿದ್ದಳು: “ನಿಮ್ಮನ್ನ ತೂಕಕ್ಕ ಹಚ್ಚಾಕ ಅಕ್ಕಾರೊಬ್ರಿಗೇ ಬರತೈತಿ ನೋಡ್ರಿ.”

ಆ ವರ್ಷ ಊರ ಹೊರಗೆ ಪೆಟ್ರೋಲು ಶುದ್ಧ ಮಾಡುವ ಎಣ್ಣೆ ಕಾರ್ಖಾನೆ ಕಟ್ಟುವ ಕೆಲಸ ಜೋರಾಗಿತ್ತು, ನಮ್ಮ ರಸ್ತೆಯಲ್ಲಿ ಪೈಪು ಹೊತ್ತ ಲಾರಿಗಳು ಓಡಾಡುತ್ತಿದ್ದವು. ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಖಂಡೇನವಮಿಯ ಬೆಳಿಗ್ಗೆ ಅಕ್ಕ ನನ್ನ ಸಾಮಾನುಗಳನ್ನೆಲ್ಲ ತೊಳೆಸಿ, ಒರೆಸಿ, ಒಳಗೆ ದೇವರ ಜಗುಲಿಯ ಮುಂದೆ ಹೊಂದಿಸಿದಳು. ಬೋಲ್ಟು ತಿರುಗಿಸುವ ಪಾನೆ, ಸುತ್ತಿಗೆ, ನನ್ನ ಒಳ್ಳೆಯ ಜ್ಯಾಕು, ಗಾಡಿ ಎತ್ತಿದ ಮೇಲೆ ಕೆಳಗೆ ಕೊಡುವ ಕಬ್ಬಿಣದ ಕಾಲುಗಳು. ಈ ಕಾಲುಗಳಿಗೆ ಗ್ಯಾರೇಜಿನವರು ಘೋಡಿ ಎನ್ನುತ್ತಾರೆ. ಎಲ್ಲಕ್ಕೂ ವಿಭೂತಿ ಬಳಿದು, ಚೆಂಡುಹೂ ಏರಿಸಿ, ಕಾಯಿ ಒಡೆದಾಯಿತು. ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟಬಾರದು. ಅವತ್ತು ಸಾಮಾನಿಗೂ ರಜೆ, ಮನುಷ್ಯನಿಗೂ ರಜೆ. ನಮ್ಮ ಕಡೆಯ ಕಮ್ಮಾರ, ಬಡಿಗ, ರೈತ ಯಾರೂ ಆ ದಿನ ಕಬ್ಬಿಣ ಹಿಡಿಯುವುದಿಲ್ಲ.

ಊಟಕ್ಕೆ ಕೂಡಬೇಕು ಎನ್ನುವಷ್ಟರಲ್ಲಿ ಶೆಟ್ಟರು ಬಂದರು. ಉಡುಪಿಯ ಕಡೆಯವರು, ಸ್ಟೇಶನ್ ಹತ್ತಿರ ಹೋಟೆಲಿಟ್ಟವರು, ನನ್ನ ಹಿತ್ತಲಿನ ಗಾಡಿಯನ್ನು ಕೊಳ್ಳಲು ಒಪ್ಪಿಕೊಂಡವರು. ಗಾಡಿಯ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ ಕಂಡು ಮುಖ ಸಣ್ಣದು ಮಾಡಿದರು.

“ಎಂತದು ಬಸಪ್ಪನವರೇ ಇದು, ಸೋರ್ತಾ ಉಂಟಲ್ಲ! ನಾಳೆ ವಿಜಯದಶಮಿ, ಬೆಳಿಗ್ಗೆ ಮುಹೂರ್ತ ಇಡ್ಸಿದ್ದೇನೆ ಮಾರಾಯ್ರೆ. ಸೋರುವ ಗಾಡಿ ಮನೆ ತುಂಬಿಸಿಕೊಳ್ಳುದು ಹೇಗೆ?”

“ನಾಳೆ ಮುಂಜಾನೆ ನೀವು ಬರೋದ್ರೊಳಗ ಒಣಾ ಇರತೈತಿ, ಹೋಗ್ರಿ” ಎಂದೆ. ಗೇರ್‌ಬಾಕ್ಸಿನ ಕೆಳಗಿನ ಬೋಲ್ಟು ಬಿಗಿ ಮಾಡುವ ಕೆಲಸ, ಹೆಚ್ಚೇನಲ್ಲ. ಒಳಗೆ ಹೋಗಿ ಘೋಡಿಗಳ ಮೇಲೆ ಕೈ ಹಾಕಿದೆ.

“ಬಸೂ, ಬ್ಯಾಡ” ಎಂದಳು ಅಕ್ಕ. “ಪೂಜೀ ಮಾಡಿಟ್ಟದ್ದ ಅದು. ನಾಳೆ ತಗೋ.”

“ಬರೇ ಒಂದ್ ಬೋಲ್ಟ್ ಅಕ್ಕಾ.”

“ಬ್ಯಾಡಂದ್ರ ಬ್ಯಾಡ.”

ಅವಳು ಹೇಳಿದ್ದರ ಅರ್ಥ ಇವತ್ತು ಕೆಲಸವೇ ಬೇಡ ಎಂದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ವ್ಯಾಪಾರದವನ ತಲೆ ನೋಡಿ, ಅವಳ ಮಾತಿನಲ್ಲಿ ನನಗೆ ಬೇಕಾದಷ್ಟನ್ನೇ ಹಿಡಿದುಕೊಂಡೆ. ಪೂಜೆಗೆ ಇಟ್ಟ ಸಾಮಾನು ತಾನೆ ಮುಟ್ಟಬಾರದು? ಪೂಜೆಗೆ ಇಡದೇ ಇದ್ದದ್ದನ್ನು ಮುಟ್ಟಿದರೆ ದೇವರಿಗೂ ತಕರಾರಿಲ್ಲ, ಶೆಟ್ಟರಿಗೂ ತಕರಾರಿಲ್ಲ. ಹಿತ್ತಲ ಬಾಗಿಲಿಂದ ಹೊರಬಿದ್ದು, ಪಕ್ಕದ ಮನೆಯ ಮೋರೆಯ ಬಾಗಿಲು ತಟ್ಟಿದೆ. ಮೋರೆ ಬಸ್ಸಿನ ಡ್ರೈವರ್. ತನ್ನ ಪಾನೆ, ಜ್ಯಾಕು ತಂದುಕೊಟ್ಟು, ಜ್ಯಾಕು ತೋರಿಸಿ ಹಿಂದಿಯಲ್ಲಿ ಎಚ್ಚರಿಸಿದ: “ಥೋಡಾ ಢೀಲಾ ಹೈ, ಬಸಪ್ಪಾ. ಸಂಭಾಲ್‌ ಕೇ.” ಸಡಿಲವಾಗಿದ್ದರೇನಂತೆ, ಇಟ್ಟಿಗೆ ಕೊಡುತ್ತೇನೆ ಎಂದೆ.

ಇಲ್ಲಿ ನಿಂತು ನಾಲ್ಕು ಮಾತು ಹೇಳಲೇಬೇಕು, ಬೇಸರಿಸಬೇಡಿ. ಜ್ಯಾಕು ಗಾಡಿಯನ್ನು ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಕೂಡಲೇ ಕೆಳಗೆ ಕಬ್ಬಿಣದ ಘೋಡಿ ಬೇಕು. ಇಲ್ಲವಾದರೆ ಗಾಡಿ ಎತ್ತಬೇಡಿ. ಇಟ್ಟಿಗೆ ಗೋಡೆಗೆ ಸರಿ, ಗಾಡಿಗಲ್ಲ. ಅದು ಬಿರಿಯುವ ಮೊದಲು ಸದ್ದನ್ನೂ ಮಾಡುವುದಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಮುಂಬಯಿಯ ನೆಲ ಮೇಲೆ ಒಣಗಿ ಒಳಗೆ ಮೆತ್ತಗಿರುತ್ತದೆ, ಅದರ ಮೇಲೆ ಜ್ಯಾಕು ಇಡಬೇಡಿ. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕೆಳಗೆ ಹೋಗುವ ಮೊದಲು ಹೊರಗೆ ನಿಂತು ಗಾಡಿಯನ್ನು ಎರಡೂ ಕೈಯಿಂದ ಜೋರಾಗಿ ಅಲುಗಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಇದೆಲ್ಲ ನನಗೆ ಅವತ್ತೂ ಗೊತ್ತಿತ್ತು. ಎಷ್ಟೋ ಜನಕ್ಕೆ ಕಲಿಸಿದ್ದೆ. ಗೊತ್ತಿದ್ದವನು ಮಾಡದೇ ಇದ್ದರೆ ಅದಕ್ಕೆ ಅಪಘಾತ ಎಂಬ ಹೆಸರು ಸಲ್ಲುತ್ತದೆಯೋ ಇಲ್ಲವೋ, ಇನ್ನೂ ತೀರ್ಮಾನಿಸಲಾರೆ.

ಮೋರೆಯ ಜ್ಯಾಕಿನಿಂದ ಗಾಡಿ ಎತ್ತಿ, ಇಟ್ಟಿಗೆ ಕೊಟ್ಟು, ಕೆಳಗೆ ಅಂಗಾತ ಮಲಗಿದ್ದೆ. ಬೋಲ್ಟು ಬಿಗಿಯಾಗುತ್ತಾ ಬಂದಿತ್ತು. ಕೊನೆಯ ಒಂದು ಸುತ್ತು ತಿರುಗಿಸಲು ಪಾನೆಯನ್ನು ಜೋರಾಗಿ ಎಳೆದೆ. ತಲೆಯ ಮೇಲಿನ ಕಬ್ಬಿಣವೆಲ್ಲ ಒಂದು ಪಕ್ಕಕ್ಕೆ ಸರಿದದ್ದು ಕಂಡಿತು, ಅಷ್ಟೆ. ನೋವು ತಕ್ಷಣ ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ತೊಡೆಯ ಮೇಲೆ ಗಾಡಿಯ ಭಾರ ಕೂತಿದೆ, ಕಾಲನ್ನು ಎಳೆದರೆ ಬರುತ್ತಿಲ್ಲ, ಬಾಯಿ ಮಾತ್ರ ನನ್ನ ವಶದಲ್ಲಿದೆ. ಆ ಬಾಯಿಂದ ನಾನು ಕೂಗಿದ್ದು ದೇವರ ಹೆಸರಲ್ಲ.

“ಅಕ್ಕಾ! ನೀ ಘೋಡಿ ಕೊಟ್ಟಿದ್ರ ಹಿಂಗ ಆಗತಿತ್ತೇನ!”

ಇಡೀ ಬಿಲ್ಡಿಂಗ್ ಕೇಳಿಸಿಕೊಂಡಿತು. ಅಕ್ಕ ಮಡಿಸೀರೆಯಲ್ಲೇ ಓಡಿಬಂದು ಮಡ್‌ಗಾರ್ಡಿಗೆ ಬರಿಗೈ ಹಾಕಿ ಎತ್ತಲು ನೋಡಿದಳು. ಮೋರೆ ಬಂದ, ಮೇಲಿನ ಮಾಳಿಗೆಯವರು ಬಂದರು, ಒಂದು ತೊಲೆ ತಂದು ಮೀಟಿದರು, ಸುಮಿತ್ರಾ ಕಂಕುಳಿಗೆ ಕೈ ಹಾಕಿ ನನ್ನನ್ನು ಎಳೆದಳು. ರಸ್ತೆಯಲ್ಲಿ ಹೋಗುತ್ತಿದ್ದ ಪೈಪಿನ ಲಾರಿಯೊಂದನ್ನು ತಡೆದು, ನಮ್ಮ ಅಡಿಗೆಮನೆಯ ಬಾಗಿಲ ಹಲಗೆಯ ಮೇಲೆ ಮಲಗಿಸಿ ನನ್ನನ್ನು ಅದರಲ್ಲಿ ಹಾಕಿದರು. ಪಂಜಾಬಿ ಡ್ರೈವರ್ ತನ್ನ ತಲೆದಿಂಬು ಕೊಟ್ಟ. ಗುಂಡಿ ಬಂದಲ್ಲೆಲ್ಲ ಗಾಡಿ ನಿಧಾನಿಸಿ, “ಮಾಫ್ ಕರನಾ ಭಾಯಿ” ಎನ್ನುತ್ತಿದ್ದ. ಅವತ್ತು ನನ್ನಲ್ಲಿ ಕ್ಷಮೆ ಕೇಳಲು ಯಾವ ಕಾರಣವೂ ಇರದ ಮನುಷ್ಯ ಅವನು. ಕೇಳಿದವನೂ ಅವನೇ.

ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಎಕ್ಸ್‌ರೇಗೆ ಸರದಿ. ಹಬ್ಬದ ದಿನ ಜನ ಕಡಿಮೆ ಇರುತ್ತಾರೆ ಎಂದುಕೊಂಡರೆ ತಪ್ಪು. ಎಣ್ಣೆಯಲ್ಲಿ ಕೈ ಸುಟ್ಟುಕೊಂಡವರು, ತೋರಣ ಕಟ್ಟುವಾಗ ಬಿದ್ದವರು ತುಂಬಿದ್ದರು. ಪಕ್ಕದ ಬೆಂಚಿನ ಒಬ್ಬ ಮುದುಕಿ ತನ್ನ ನೋವು ಮರೆತು ನನ್ನ ತಲೆಯ ಬಳಿ ನೊಣ ಓಡಿಸುತ್ತಾ ಕೂತಳು. ಅಕ್ಕ ಕಾಲ ಬಳಿ ನಿಂತಿದ್ದಳು. ಅವಳ ಅಂಗೈ ಮಡ್‌ಗಾರ್ಡಿನ ಅಂಚಿಗೆ ಕೊಯ್ದು ಹೋಗಿತ್ತು. ಸೆರಗಲ್ಲಿ ಸುತ್ತಿ ಮುಚ್ಚಿಟ್ಟುಕೊಂಡಿದ್ದಳು.

ಅಪಘಾತದ ಕೇಸೆಂದು ಹವಾಲದಾರನೊಬ್ಬ ಬಂದು ಮರಾಠಿಯಲ್ಲಿ ವಿಚಾರಿಸಿದ. “ಜ್ಯಾಕ್ ಕೋಣಾಚಾ?” ಎಂದಾಗ ಬಾಗಿಲ ಬಳಿಯಿದ್ದ ಮೋರೆಯ ಮುಖ ಬಿಳುಪೇರಿತು. ಸರಕಾರಿ ಕೆಲಸದವನು, ಕೇಸೆಂದರೆ ಕೆಲಸಕ್ಕೇ ಕುತ್ತು. ಜ್ಯಾಕು ಯಾರದಾದರೂ ಇರಲಿ, ಹಚ್ಚಿದವನು ನಾನು, ಕೆಳಗೆ ಹೋದವನು ನಾನು, ಬೇರೆ ಯಾರ ಮೇಲೂ ದೂರಿಲ್ಲ ಎಂದು ಬರೆಸಿದೆ. ಮೋರೆ ಹಣೆ ಒರೆಸಿಕೊಂಡ. ಪೊಲೀಸರ ಮುಂದೆ ಅಷ್ಟು ಸಲೀಸಾಗಿ ಬಂದ ಮಾತು, ಕಾಲ ಬಳಿಯೇ ನಿಂತ ಅಕ್ಕನ ಕಡೆ ತಿರುಗಿ ಹೇಳಲು ಬರಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನನ್ನನ್ನು ಒಳಗೆ ಎಳೆದುಕೊಂಡು ಹೋದರು.

ವಾರ್ಡಿನಲ್ಲಿ ನನ್ನ ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯ ಸಣ್ಣ ಗಾಲಿಯ ಮೇಲಿಂದ ಉಸುಕಿನ ಚೀಲ ಇಳಿಬಿಟ್ಟರು. ಆ ಭಾರ ಹಗಲೂ ರಾತ್ರಿ ಕಾಲನ್ನು ಜಗ್ಗುತ್ತಿರಬೇಕು, ಆಗಲೇ ಎಲುಬು ನೆಟ್ಟಗೆ ಕೂಡುತ್ತದೆ. ನನ್ನ ಪಾಡಿಗೆ ನಾನು ಎತ್ತಿಟ್ಟ ಗಾಡಿಯ ಹಾಗೆ ಮಲಗಿದ್ದೆ. ತೊಡೆಯ ಮೇಲಿನ ಗಾಯ ಕೀವಾಗಿ ಜ್ವರ ಬಂದಾಗ ಕಾಲು ಉಳಿಯುವುದೋ ಇಲ್ಲವೋ ಎಂದು ಡಾಕ್ಟರರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಭಾಷೆ ತಿಳಿಯದಿದ್ದರೂ ಮುಖ ತಿಳಿಯುತ್ತದೆ. ನಾನು ಗಿರಾಕಿಗಳ ಮುಖ ಓದಿಯೇ ಬದುಕಿದವನು. ಪೆನಿಸಿಲಿನ್ ಸೂಜಿ ಚುಚ್ಚಿಸಿಕೊಳ್ಳುತ್ತ ಅರ್ಧ ತೊಡೆಯನ್ನಾದರೂ ಬಿಡಪ್ಪಾ ಎಂದು ದೇವರ ಜೊತೆ ಚೌಕಾಸಿಗೆ ಇಳಿದಿದ್ದೆ. ಜ್ವರ ಇಳಿಯಿತು. ಕಾಲು ಪೂರ್ತಿ ಉಳಿಯಿತು.

ನೋಡಲು ಬಂದವರೆಲ್ಲ ತಪ್ಪು ತಮ್ಮದೆಂದೇ ಹೇಳಿದರು. ಶೆಟ್ಟರು ಹಿತ್ತಾಳೆ ಡಬ್ಬಿಯಲ್ಲಿ ಸಾರು ತಂದು, “ನಾನು ಅರ್ಜೆಂಟ್ ಮಾಡಿದ್ದೇ ತಪ್ಪು ಮಾರಾಯ್ರೆ. ಮುಹೂರ್ತವೂ ಬೇಡ, ಗಾಡಿಯೂ ಬೇಡ ಅನ್ನಿಸಿದೆ” ಎಂದರು.

ಮೋರೆ ಬಿಡಲಿಲ್ಲ: “ನಹೀ ಸೇಟ್, ಜ್ಯಾಕ್ ಮೇರಾ ಥಾ.”

“ಜ್ಯಾಕ್ ನಿಮ್ದಾದ್ರೆ ಎಂತ? ಅರ್ಜೆಂಟ್ ನಂದಲ್ವಾ!”

ಇಬ್ಬರೂ ನನ್ನ ಹಾಸಿಗೆಯ ಎರಡು ಬದಿಗೆ ನಿಂತು ಹರಾಜು ಕೂಗಿದಂತೆ ತಪ್ಪನ್ನು ಏರಿಸುತ್ತಿದ್ದರು. ಸುಮಿತ್ರಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೂ ನಗು ಬಂತು. ಆದರೆ ಕಾಲ ಬಳಿಯ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ಅವಳು ಹರಾಜಿನಲ್ಲಿ ಬಾಯಿ ಹಾಕಲಿಲ್ಲ. ಸವಾಲು ಯಾರ ಹೆಸರಿಗೆ ಮುಗಿದಿದೆ ಎಂಬುದು ತನಗೆ ಗೊತ್ತು ಎನ್ನುವಂತೆ ನೆಲ ನೋಡುತ್ತಿದ್ದಳು.

ಅವಳಲ್ಲಿ ಏನು ಬದಲಾಗಿದೆ ಎಂಬುದು ನನಗೆ ಹೊಳೆದದ್ದು ಉಪ್ಪಿನಕಾಯಿಯಿಂದ. ಜ್ವರದ ಬಾಯಿಗೆ ಖಾರ ಬೇಕೆನಿಸಿ, ವಾರ್ಡಿನ ನರ್ಸು, ಸಿಸ್ಟರ್, ಬೇಡವೆಂದಿದ್ದರೂ ಅಕ್ಕನ ಹತ್ತಿರ ಕೇಳಿದೆ. ಹಿಂದಿನ ಅಕ್ಕನಾಗಿದ್ದರೆ ಬೆನ್ನಿಗೆ ಒಂದು ಬಿಡುತ್ತಿದ್ದಳು. “ಆತು ತಮ್ಮಾ” ಎಂದಳು. ಮರುದಿನ ತಂದಳು. ತಲೆಗೂದಲು ಕತ್ತರಿಸುವುದು ಬೇಡ ಎಂದೆ, “ಆತು.” ನೀನು ಊಟ ಮಾಡಿದೆಯಾ ಎಂದರೆ ಅದಕ್ಕೂ “ಆತು.” ಅವಳ ಬಾಯಲ್ಲಿ ಆ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಆರಿಹೋಗಿತ್ತು. ಸುಮಿತ್ರಾ ವರಾಂಡದ ಕಡೆ ಕಣ್ಣಿಟ್ಟು ತಗ್ಗಿದ ದನಿಯಲ್ಲಿ, “ಮನ್ಯಾಗೂ ಹಂಗ. ಪಲ್ಯಾ ಏನ್ ಮಾಡ್ಲಿರಿ ಅಂದ್ರ, ನಿನಗ ತಿಳದದ್ ಮಾಡವಾ ಅಂತಾರ. ದೇವರ ಮುಂದ ದೀಪಾ ಹಚ್ಚಾಕೂ ನನಗ ಹೇಳ್ತಾರ. ನನ್ನ ಮಾತು ಚಲೋ ಅಲ್ಲ, ಧಾರವಾಡಕ್ಕ ಹೊಕ್ಕೇನಿ ಅನ್ನಾಕತ್ತಾರ” ಎಂದಳು.

ಅವತ್ತೇ ಹೇಳಿದೆ, “ಅಕ್ಕಾ, ನಿನ್ನ ತಪ್ಪ ಏನೂ ಇಲ್ಲ.”

“ಆತು ತಮ್ಮಾ” ಎಂದಳು.

ಇದಕ್ಕೆ ಏನು ಮಾಡುತ್ತೀರಿ? ಒಪ್ಪದವನನ್ನು ಒಪ್ಪಿಸುವ ವಿದ್ಯೆ ನನಗೆ ಗೊತ್ತು. ಎಲ್ಲಕ್ಕೂ ಒಪ್ಪುವವಳ ಮುಂದೆ ನಾನು ಕೈಸೋತೆ.

ಉಸುಕಿನ ಚೀಲದ ಸಂಗತಿ ಅದರ ಮರುವಾರದ್ದು. ಮಧ್ಯಾಹ್ನದ ಭೇಟಿಯ ಹೊತ್ತು. ಕಾಲಿನ ಜಗ್ಗಾಟ ತಡೆಯಲಾಗದೆ ಹಲ್ಲು ಕಚ್ಚಿ ಮಲಗಿದ್ದೆ. ಸಿಸ್ಟರ್ ಆ ತುದಿಯಲ್ಲಿದ್ದರು. “ಅಕ್ಕಾ, ಆ ಚೀಲಾ ಸ್ವಲ್ಪ ಎತ್ತಿ ಹಿಡಿ” ಎಂದೆ. ಅದನ್ನು ಮುಟ್ಟಬಾರದೆಂದು ಡಾಕ್ಟರು ಮೊದಲ ದಿನವೇ ಅವಳಿಗೂ ಹೇಳಿದ್ದರು. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಬೇಡ ಎಂಬ ಮಾತು ಗಂಟಲವರೆಗೆ ಬಂದು ನಿಂತದ್ದು ನನಗೆ ಕಂಡಿತು. ಅದನ್ನು ನುಂಗಿ, ಎದ್ದು, ಗಾಯ ಇನ್ನೂ ಮಾಯದ ಅಂಗೈಯಿಂದ ಚೀಲ ಎತ್ತಿ ಹಿಡಿದಳು. ಆಹಾ ಎಂಥ ಸುಖ! ಮರುದಿನ ಮತ್ತೆ ಕೇಳಿದೆ. ಮತ್ತೆ ಹಿಡಿದಳು. ಹಾಗೆ ಭೇಟಿಯ ಹೊತ್ತೆಲ್ಲ ಅವಳು ಆ ಭಾರ ಹೊತ್ತು ನಿಂತಳು, ನಾನು ನಿದ್ದೆ ಮಾಡಿದೆ.

ಸಿಸ್ಟರ್ ಕಣ್ಣಿಗೆ ಬಿದ್ದಾಗ ವಾರ್ಡೆಲ್ಲ ನಡುಗುವ ಹಾಗೆ ಬೈದರು. ಬೈದದ್ದು ಅಕ್ಕನನ್ನು. “ನೀನೇ ಅವನ ಕಾಲು ಹಾಳು ಮಾಡ್ತಿದ್ದೀಯಾ” ಎಂದು ಹಿಂದಿಯಲ್ಲಿ ಹೇಳಿದರು. ಅಕ್ಕ ತಲೆ ತಗ್ಗಿಸಿ, ಅದು ತನಗೆ ಸಲ್ಲಬೇಕಾದ್ದೇ ಎಂಬಂತೆ ನಿಂತಳು. ನನ್ನಿಂದ ತಡೆಯಲಾಗಲಿಲ್ಲ. “ಸಿಸ್ಟರ್, ಹೇಳಿದವ ನಾನು! ಗಾಡಿ ಕೆಳಗ ಹೋದವನೂ ನಾನ! ಅಕೀಗೆ ಯಾಕ ಅಂತೀರಿ?” ಎಂದು ಕನ್ನಡದಲ್ಲೇ ಕೂಗಿದೆ. ಸಿಸ್ಟರಿಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯಬೇಕಾದವಳು ಬಗ್ಗಿ ನನ್ನ ಚಾದರ ಸರಿಮಾಡಿ, “ಒದರಬ್ಯಾಡ” ಎನ್ನಬಹುದಿತ್ತು. ಅನ್ನಲಿಲ್ಲ. ನೀರು ಕುಡಿಸಿದಳು.

ಮುಂದಿನ ಎಕ್ಸ್‌ರೇಯಲ್ಲಿ ಎಲುಬು ತುಸು ಸರಿದು ಕೂಡುತ್ತಿರುವುದು ಕಂಡಿತು. ಈಗ ನನ್ನ ಎಡಗಾಲು ಒಂದು ಬೆರಳಿನ ದಪ್ಪದಷ್ಟು ಗಿಡ್ಡ. ಗಾಡಿ ಮುರಿದ ಕಾಲನ್ನು ಗಿಡ್ಡ ಮಾಡಿದವನು ನಾನೇ. ಅದಕ್ಕೆ ಅಕ್ಕನ ಮೌನವನ್ನು ದುಡಿಸಿಕೊಂಡೆ. ಹಾಸಿಗೆ ಹಿಡಿದವರಿಗೆ ನನ್ನ ಬುದ್ಧಿಮಾತು ಒಂದೇ: ನಿಮ್ಮ ಮುಂದೆ ಅಳುಕಿ ನಿಂತವರಿಂದ ಏನನ್ನೂ ಕೇಳಬೇಡಿ. ಅವರು ಕೊಟ್ಟುಬಿಡುತ್ತಾರೆ.

ಪ್ಲಾಸ್ಟರಿನಲ್ಲಿ ಮನೆಗೆ ಬಂದೆ. ಅಕ್ಕನನ್ನು ಕೆರಳಿಸಿಯಾದರೂ ಹಳೇ ದಾರಿಗೆ ತರೋಣ ಎಂದು ಸುಮಿತ್ರಾಳೂ ನಾನೂ ಹೂಟ ಹೂಡಿದೆವು. ನಾವು ಮೊಟ್ಟೆಯನ್ನು ಹೊಸಿಲೊಳಗೆ ತಾರದ ಲಿಂಗಾಯತರು. ಒಂದು ಬೆಳಿಗ್ಗೆ ಅಕ್ಕನಿಗೆ ಕೇಳುವಂತೆ, “ಎಲುಬು ಲಗೂ ಕೂಡಬೇಕಂದ್ರ ತತ್ತಿ ತಿನ್ನಬೇಕಂತ ಡಾಕ್ಟರ್ ಅಂದಾರ. ಇರಾನಿ ಹೋಟೆಲಿನಿಂದ ಆಮ್ಲೆಟ್ ತರಸ್ತೀನಿ. ನಿಂಗೇನ ತಕರಾರು ಇಲ್ಲಲ್ಲಾ ಅಕ್ಕಾ?” ಎಂದೆ.

ಜೋಳ ಹಸನು ಮಾಡುತ್ತಿದ್ದ ಅಕ್ಕ ಮೊರವನ್ನು ಕೆಳಗಿಟ್ಟಳು.

“ಆತು ತಮ್ಮಾ. ತಾಟು ಬ್ಯಾರೆ ಇಡ್ತೀನಿ.”

ಸುಮಿತ್ರಾ ಅಡಿಗೆಮನೆಗೆ ಓಡಿದಳು. ನಗಲು ಹೋದಳೆಂದುಕೊಂಡೆ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

ಪ್ಲಾಸ್ಟರು ತೆಗೆದ ಮೇಲೆ ಕ್ಯಾಲಿಪರ್ ಕೊಟ್ಟರು. ಕಾಲಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ, ತೊಡೆಗೆ ಚರ್ಮದ ಬೆಲ್ಟು, ಕೆಳಗೆ ಬೂಟು. ಬೆಲ್ಟು ತೊಡೆಯನ್ನು ಹಸಿಗಾಯ ಮಾಡಿತು. ಶೆಟ್ಟರು ಅದನ್ನು ನೋಡಲಾರದೆ ಧಾರಾವಿಯ ಚರ್ಮದ ಕೆಲಸದವರೊಬ್ಬರ ಹತ್ತಿರ ಒಯ್ದು, ಒಳಗಡೆ ಮೆತ್ತನೆಯ ಕುರಿ ಚರ್ಮ ಹೊಲಿಸಿಕೊಂಡು ಬಂದರು. ಅವರು ಮಾಡಿದ ಎಲ್ಲ ಉಪಕಾರಗಳಲ್ಲಿ ಇವತ್ತಿಗೂ ನಾನು ನೆನೆಯುವುದು ಆ ಕುರಿ ಚರ್ಮವನ್ನು. ಅಂದಹಾಗೆ, ಗಾಡಿಯನ್ನೂ ಅವರೇ ಕೊಂಡರು, ಬೇರೆಯವರಿಂದ ಸರಿಮಾಡಿಸಿಕೊಂಡು.

ಅಕ್ಕ ಧಾರವಾಡಕ್ಕೆ ಹೋಗುವ ಮಾತು ಗಟ್ಟಿಯಾಗುತ್ತಾ ಬಂತು. ನಾನು ನಡೆದಾಡುವುದನ್ನು ಕಂಡು ಹೊರಡುವುದು ಎಂದು ಅವಳ ಲೆಕ್ಕ. ಹಾಗಿದ್ದ ಮೇಲೆ ನಾನು ನಡೆಯುವುದನ್ನು ನಿಧಾನಿಸಬೇಕಿತ್ತು. ಆದರೆ ಹಿತ್ತಲಿನಲ್ಲಿ ಕೆಲಸ ಕರೆಯುತ್ತಿತ್ತು, ಕ್ಯಾಲಿಪರ್ ಹಾಕಿಕೊಂಡು ಬಗ್ಗಲಾಗುತ್ತಿರಲಿಲ್ಲ. ಆಸ್ಪತ್ರೆಯ ತಪಾಸಣೆಗೆ ಅಕ್ಕನ ಹೆಗಲು ಹಿಡಿದು ಹೋದೆ. ಡಾಕ್ಟರು ಧಾರವಾಡದಲ್ಲಿ ಓದಿದ ಮರಾಠಿಯವರು, ಅರ್ಧಂಬರ್ಧ ಕನ್ನಡ ಆಡುತ್ತಿದ್ದರು. ಇನ್ನೂ ಕೆಲವು ತಿಂಗಳು ಕ್ಯಾಲಿಪರ್ ಇರಲಿ ಎಂದರು. ನಾನು ಅಲ್ಲೇ ಚೌಕಾಸಿಯ ಅಂಗಡಿ ತೆರೆದೆ. ಹಗಲಷ್ಟೇ ಹಾಕಲೇ? ಹೊರಗೆ ಹೋಗುವಾಗ ಮಾತ್ರ? ಮುಂದಿನ ಅಮಾವಾಸ್ಯೆವರೆಗೆ? ಎಲುಬು ಕೂಡಿದೆ ಎಂದು ನೀವೇ ಹೇಳಿದಿರಲ್ಲ, ಕೂಡಿದ ಎಲುಬಿಗೆ ಕಬ್ಬಿಣದ ಆಸರೆ ಯಾಕೆ? ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಡಾಕ್ಟರು ದಣಿದಿದ್ದರು.

“ನೀವು ಕೇಳೂದಿಲ್ಲ. ತೆಗೀರಿ ಹಂಗಾದ್ರ. ಆದ್ರ ನಿಮ್ಮ ಸ್ವಂತ ಜವಾಬ್ದಾರಿ ಮ್ಯಾಲೆ. ನಾಳೆ ಮತ್ತ ಮುರದ್ರ ನಾನು ಹೊಣೆ ಅಲ್ಲ.”

“ಆತ್ರಿ, ನನ್ನ ಜವಾಬ್ದಾರಿ” ಎಂದು ಗೆದ್ದವನಂತೆ ಬಗ್ಗಿ ಬೆಲ್ಟಿಗೆ ಕೈ ಹಾಕಿದೆ. ಬಕಲು ಬಿಚ್ಚಿತು. ನನ್ನ ಕೈ ಮೇಲೆ ಇನ್ನೊಂದು ಕೈ ಬಂದು ಕೂತಿತು. ಅಂಗೈಗೆ ಅಡ್ಡಲಾಗಿ ಗಾಯದ ಗೆರೆಯಿದ್ದ ಕೈ.

“ನಿನ್ನ ಜವಾಬ್ದಾರಿ?” ಎಂದಳು ಅಕ್ಕ. “ಎತ್ತಾವ್ರು ಯಾರು? ಹೇಲು ಉಚ್ಚಿ ತಗದಾವ್ರು ಯಾರು? ಆ ಹುಡುಗಿ, ನಿನ್ನ ಹೇಣ್ತಿ, ಎಷ್ಟ್ ದಿವಸ ಕಣ್ಣಿಗೆ ಎಣ್ಣಿ ಬಿಟ್ಕೊಂಡ್ ಕುಂತಾಳ! ತನ್ನ ಜವಾಬ್ದಾರಿ ಅಂತ, ದೊಡ್ಡಾಂವ ಬಂದಾನ. ಬ್ಯಾಡ.”

ಡಾಕ್ಟರು ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

“ಅಕ್ಕಾ, ಬರೇ...”

“ಬ್ಯಾಡಂದ್ರ ಬ್ಯಾಡ. ಮತ್ತ ನನ್ನ ಮ್ಯಾಲ ಹಾಕ್ತೀಯೇನ, ಹಾಕು. ಇಡೀ ಓಣಿಗೆ ಕೇಳೂಹಂಗ ಒದರು. ನಾ ಕೇಳ್ಕೋತೀನಿ. ಆದ್ರ ಇದನ್ನ ತಗಿಯಾಕ ನಾ ಬಿಡೂದಿಲ್ಲ.”

ಬೆಲ್ಟಿನ ಮೇಲಿಂದ ಕೈ ತೆಗೆದೆ.

“ಆತು ಅಕ್ಕಾ” ಎಂದೆ.

ಅವಳು ನನ್ನ ಕಡೆ ನೋಡಲೂ ಇಲ್ಲ. ಡಾಕ್ಟರು ಕರೆದ ವಾರ್ಡ್‌ಬಾಯ್ ಬಂದು ಬೆಲ್ಟು ಕಟ್ಟತೊಡಗಿದಾಗ, ಮೂಗು ಒರೆಸಿಕೊಂಡು ಅವನ ಹೆಗಲ ಮೇಲಿಂದ ಬಗ್ಗಿದಳು.

“ಸಡ್ಲ ಆತು, ಸಡ್ಲ. ಇನ್ನೊಂದು ತೂತು ಜಗ್ಗು.”